ಪ್ರಶ್ನೋತ್ತರ: ರಸ್ತೆ ಕೆಲಸಗಾರರ ರೇಡಿಯಂ ಜಾಕೆಟ್

ರಸ್ತೆ ಕಾಮಗಾರಿ ನಡೆಯುವ ಸ್ಥಳಗಳ ಸುರಕ್ಷತೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಲಸಗಾರರು ಧರಿಸುವ ಹೊಳೆಯುವ ಜಾಕೆಟ್ಟಿನ ಕುರಿತೇ ಇದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಗ್ರಾಮೀಣ ರಸ್ತೆಗಳ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರ. ಪೇಟೆಯಲ್ಲಿ ನೂರು ರೂಪಾಯಿಯೊಳಗೆ ಸಿಗುವ ಬಲೆಬಟ್ಟೆಯ ಜಾಕೆಟ್‌ಗಳನ್ನು ನಮ್ಮ ಆಳುಗಳಿಗೆಲ್ಲ ಕೊಡಿಸಿದ್ದೇನೆ. ಈಗ ರಾಜ್ಯ ಹೆದ್ದಾರಿಯ ಮೇಲೆ ಒಂದು ಕೆಲಸ ಸಿಕ್ಕಿದೆ. ಅಲ್ಲಿನ ಎಂಜಿನಿಯರರು ಇವು ನಡೆಯುವುದಿಲ್ಲ, ಮಾನದಂಡಕ್ಕೆ ಒಪ್ಪುವಂಥವನ್ನೇ ತರಬೇಕು ಎನ್ನುತ್ತಾರೆ. ಹಗಲಿನಲ್ಲಿ ನೋಡಿದರೆ ಎರಡೂ ಒಂದೇ ರೀತಿ ಹೊಳೆಯುತ್ತವೆ. ಹಾಗಾದರೆ ವ್ಯತ್ಯಾಸವೆಲ್ಲಿದೆ?
— ಗುತ್ತಿಗೆದಾರರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ವ್ಯತ್ಯಾಸ ಕಾಣುವುದು ಕತ್ತಲಾದ ಮೇಲೆ. ಈ ಜಾಕೆಟ್ಟಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ. ಕಣ್ಣು ಕುಕ್ಕುವ ಹಳದಿ ಅಥವಾ ಕಿತ್ತಳೆ ಬಟ್ಟೆಯಲ್ಲಿರುವ ಬಣ್ಣವು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಅವನ್ನು ಕಾಣುವ ಬೆಳಕಾಗಿ ಹೊರಗೆ ಬಿಡುತ್ತದೆ. ತನ್ನ ಮೇಲೆ ಬಿದ್ದ ಕಾಣುವ ಬೆಳಕಿಗಿಂತ ಹೆಚ್ಚು ಬೆಳಕನ್ನು ಅದು ಹಿಂದಿರುಗಿಸುವುದರಿಂದಲೇ ಮೋಡ ಕವಿದ ದಿನ, ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ಉಳಿದ ಬಣ್ಣಗಳು ಮಂಕಾದಾಗಲೂ ಅದು ಉರಿಯುವಂತೆ ಕಾಣುತ್ತದೆ. ಆದರೆ ರಾತ್ರಿ ವಾಹನದ ದೀಪದಲ್ಲಿ ನೇರಳಾತೀತ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಆ ಬಟ್ಟೆ ಬೇರೆ ಯಾವುದೇ ತಿಳಿ ಬಣ್ಣದ ಬಟ್ಟೆಯಂತೆಯೇ ಆಗಿಬಿಡುತ್ತದೆ. ಹಳೆಯ ಸೋಡಿಯಂ ದೀಪದ ಕೆಳಗಂತೂ ಹಳದಿ ಯಾವುದು, ಕಿತ್ತಳೆ ಯಾವುದು ಎಂದು ಹೇಳುವುದೇ ಕಷ್ಟ.

ರಾತ್ರಿಯ ಕೆಲಸವನ್ನು ಮಾಡುವುದು ಬೂದು ಬಣ್ಣದ ಪಟ್ಟಿ. ಅದರ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗಾಜಿನ ಮಣಿಗಳು ಒತ್ತೊತ್ತಾಗಿ ಕೂತಿರುತ್ತವೆ, ಇಲ್ಲವೇ ಒಂದಕ್ಕೊಂದು ಲಂಬವಾಗಿರುವ ಮೂರು ಮುಖಗಳ ಸೂಕ್ಷ್ಮ ಪ್ರಿಸಂಗಳು ಅಚ್ಚಾಗಿರುತ್ತವೆ. ಎರಡರ ಗುಣವೂ ಒಂದೇ: ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಅದನ್ನು ಹಿಂದಕ್ಕೆ ಕಳುಹಿಸುವುದು. ಚಾಲಕನ ಕಣ್ಣು ಅವನ ವಾಹನದ ದೀಪದ ಹತ್ತಿರವೇ ಇರುವುದರಿಂದ ಆ ಬೆಳಕು ಅವನನ್ನು ತಲುಪುತ್ತದೆ. ಬದಿಯಲ್ಲಿ ನಿಂತು ನೋಡುವವನಿಗೆ ಪಟ್ಟಿ ಬರಿ ಬೂದು ಬಟ್ಟೆಯಾಗಿ ಕಾಣುತ್ತದೆ. ಅಗ್ಗದ ಜಾಕೆಟ್‌ಗಳಲ್ಲಿ ಬಹುಪಾಲು ಮೋಸ ನಡೆಯುವುದು ಇಲ್ಲಿಯೇ. ಬೆಳ್ಳಿಯಂತೆ ಹೊಳೆಯುವ ಪ್ಲಾಸ್ಟಿಕ್ ಪಟ್ಟಿ ಕನ್ನಡಿಯ ಹಾಗೆ ಬೆಳಕನ್ನು ಬೇರೆ ದಿಕ್ಕಿಗೆ ಎಸೆಯುತ್ತದೆ. ಅಂಗಡಿಯ ದೀಪದಲ್ಲಿ ಅದು ಅಸಲಿಗಿಂತಲೂ ಚೆನ್ನಾಗಿ ಮಿನುಗಬಹುದು, ಆದರೆ ಹೆದ್ದಾರಿಯಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.

ಪರೀಕ್ಷಿಸುವುದು ಸುಲಭ. ಜಾಕೆಟ್ಟನ್ನು ಕತ್ತಲೆಯಲ್ಲಿ ತೂಗುಹಾಕಿ, ಮೂವತ್ತು ನಲವತ್ತು ಹೆಜ್ಜೆ ದೂರ ನಿಂತು, ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲಿ ಕಪೋಲಕ್ಕೆ ತಾಗಿಸಿ ಹಿಡಿದು ಬೆಳಕು ಬಿಡಿ. ಒಳ್ಳೆಯ ಪಟ್ಟಿ ದೀಪ ಹತ್ತಿಸಿದಂತೆ ಬೆಳ್ಳಗೆ ಕಾಣುತ್ತದೆ. ಅದೇ ಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಹೊಳಪು ಗಣನೀಯವಾಗಿ ಕುಗ್ಗಬೇಕು. ಕುಗ್ಗದೆ ಎಲ್ಲ ಕಡೆಯಿಂದಲೂ ಒಂದೇ ಸಮನೆ ಮಂಕಾಗಿ ಹೊಳೆದರೆ ಅದು ಅಲಂಕಾರದ ಪಟ್ಟಿ.

ಇದು ಖರೀದಿಗೆ ಮುಂಚಿನ ಪರೀಕ್ಷೆ ಮಾತ್ರ. ಬಿಲ್ಲು ಪಾಸಾಗುವುದಕ್ಕೆ ಮಾನದಂಡದ ಗುರುತು ಬೇಕು. ನಮ್ಮಲ್ಲಿ ಇಂಥ ಉಡುಪಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15809 ಇದೆ, ಅಂತರರಾಷ್ಟ್ರೀಯವಾಗಿ ಐಎಸ್‌ಒ 20471 ಇದೆ. 2013ರಲ್ಲಿ ಬಂದ ಈ ಎರಡನೆಯದು ಉಡುಪನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಮೊದಲ ದರ್ಜೆಗೆ ಹೊಳೆಯುವ ಬಟ್ಟೆ ಕನಿಷ್ಠ 0.14 ಚದರ ಮೀಟರ್ ಮತ್ತು ಪಟ್ಟಿ 0.10 ಚದರ ಮೀಟರ್ ಇರಬೇಕು, ಎರಡನೆಯದಕ್ಕೆ 0.50 ಮತ್ತು 0.13, ಮೂರನೆಯದಕ್ಕೆ 0.80 ಮತ್ತು 0.20. ಪಟ್ಟಿಯ ಅಗಲ 50 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ನೀವು ಕೊಂಡ ಬಲೆಬಟ್ಟೆಯ ಜಾಕೆಟ್ಟಿನ ಪಟ್ಟಿಗೆ ಅಳತೆಪಟ್ಟಿ ಹಿಡಿದು ನೋಡಿ. ಒಂದು ಅಂಗುಲವಷ್ಟೇ ಇದ್ದರೆ, ಎಂಜಿನಿಯರರೊಂದಿಗೆ ವಾದ ಮಾಡುವುದಕ್ಕೆ ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ಅಳತೆ ಏಕೆ ಎಂದರೆ, ಜಾಕೆಟ್ಟಿನ ನಿಜವಾದ ಬೆಲೆಯನ್ನು ಮೀಟರುಗಳಲ್ಲಿ ಎಣಿಸಬೇಕು. ಹೆದ್ದಾರಿ ಎಂಜಿನಿಯರರ ರಾಷ್ಟ್ರೀಯ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆಯ ವಿನ್ಯಾಸಕ್ಕೆ ಬಳಸುವ ಲೆಕ್ಕದಲ್ಲಿ ಚಾಲಕನು ನೋಡಿ, ಗ್ರಹಿಸಿ, ಬ್ರೇಕಿಗೆ ಕಾಲಿಡುವುದಕ್ಕೆ 2.5 ಸೆಕೆಂಡು ಹಿಡಿಯುತ್ತದೆ. ಅದನ್ನು ಸೇರಿಸಿದರೆ ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ನಿಲ್ಲುವುದಕ್ಕೆ 80 ಮೀಟರ್, 80ರ ವೇಗಕ್ಕೆ 120 ಮೀಟರ್, 100ರ ವೇಗಕ್ಕೆ 180 ಮೀಟರ್ ಬೇಕು. ತಗ್ಗಿಸಿದ ದೀಪದಲ್ಲಿ ಬರುವ ವಾಹನಕ್ಕೆ ಕಡು ಬಣ್ಣದ ಅಂಗಿಯವನು ಐವತ್ತು ಮೀಟರಿನ ಆಚೆ ಕಾಣಿಸುವುದೇ ಅಪರೂಪ. ಹಳ್ಳಿಯ ರಸ್ತೆಯಲ್ಲಿ ನಡೆದುಹೋದ ನೂರು ರೂಪಾಯಿಯ ಜಾಕೆಟ್ ಹೆದ್ದಾರಿಯಲ್ಲಿ ನಡೆಯುವುದಿಲ್ಲ ಎಂದು ಎಂಜಿನಿಯರರು ಹೇಳಿದ್ದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ವೇಗದ ರಸ್ತೆಗೆ ಕನಿಷ್ಠ ಎರಡನೆಯ ದರ್ಜೆ, ರಾತ್ರಿ ಪಾಳಿಗೆ ತೋಳಿರುವ ಮೂರನೆಯ ದರ್ಜೆ ಎಂದು ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಹುಬ್ಬಳ್ಳಿಯಿಂದ ಕರಾವಳಿಗೆ ಲಾರಿ ಓಡಿಸುತ್ತೇನೆ. ಮಳೆಗಾಲದ ರಾತ್ರಿ ಘಾಟಿಯಲ್ಲಿ ಕೆಲಸ ನಡೆಯುವಲ್ಲಿ ಬೋರ್ಡುಗಳು ದೂರದಿಂದಲೇ ಹೊಳೆಯುತ್ತವೆ, ಆದರೆ ಜಾಕೆಟ್ ಹಾಕಿದ ಜನ ತೀರ ಹತ್ತಿರ ಬಂದ ಮೇಲೆ ಕಾಣುತ್ತಾರೆ. ಕಾರಿನವರು ತಮಗೆ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ನನ್ನ ಕಣ್ಣಿನ ದೋಷವೇ?
— ಲಾರಿ ಚಾಲಕರು, ಹುಬ್ಬಳ್ಳಿ

ಉತ್ತರ: ಕಣ್ಣನ್ನು ಒಮ್ಮೆ ತೋರಿಸಿಕೊಳ್ಳುವುದು ಹೇಗೂ ಒಳ್ಳೆಯದು. ಆದರೆ ನೀವು ಗಮನಿಸಿರುವುದು ನಿಜವಾದ ಸಂಗತಿ, ಅದಕ್ಕೆ ಕಾರಣ ನಿಮ್ಮ ಆಸನದ ಎತ್ತರ.

ಪಟ್ಟಿಯು ಬೆಳಕನ್ನು ಬಂದ ದಿಕ್ಕಿಗೇ, ಬಹಳ ಕಿರಿದಾದ ಕಂತೆಯಾಗಿ ಹಿಂದಕ್ಕೆ ಕಳುಹಿಸುತ್ತದೆ. ಕಾರಿನಲ್ಲಿ ಚಾಲಕನ ಕಣ್ಣು ದೀಪಕ್ಕಿಂತ ಸುಮಾರು ಅರ್ಧ ಮೀಟರ್ ಮೇಲಿರುತ್ತದೆ. ಲಾರಿಯಲ್ಲಿ ಆ ಅಂತರ ಸುಮಾರು ಒಂದೂವರೆ ಮೀಟರ್ ಆಗುತ್ತದೆ. 80 ಮೀಟರ್ ದೂರದಲ್ಲಿರುವ ಕೆಲಸಗಾರನಿಂದ ನೋಡಿದರೆ ಕಾರಿನ ದೀಪ ಮತ್ತು ಕಣ್ಣಿನ ನಡುವಿನ ಕೋನ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು, ಲಾರಿಯದು ಒಂದು ಡಿಗ್ರಿಯಷ್ಟು. ಹಿಂದಿರುಗುವ ಬೆಳಕಿಗೆ ಐಎಸ್‌ಒ ಮಾನದಂಡ ಹೊಸ ಪಟ್ಟಿಯಲ್ಲಿ ವಿಧಿಸುವ ಕನಿಷ್ಠ ಮಟ್ಟವೇ ಮೊದಲ ಕೋನದಲ್ಲಿ 250 ಯೂನಿಟ್ ಇದ್ದು, ಎರಡನೆಯ ಕೋನದಲ್ಲಿ 25ಕ್ಕೆ ಇಳಿಯುತ್ತದೆ. ಎಂದರೆ ಒಂದೇ ಜಾಕೆಟ್, ಒಂದೇ ದೂರ, ಒಂದೇ ಬಗೆಯ ದೀಪ ಇದ್ದರೂ ಕಾರಿನವರಿಗೆ ಸಿಗುವ ಹೊಳಪಿನ ಹತ್ತನೆಯ ಒಂದು ಭಾಗವಷ್ಟೇ ನಿಮಗೆ ಸಿಗಬಹುದು. ಹತ್ತಿರವಾದಷ್ಟೂ ಈ ಕೋನ ದೊಡ್ಡದಾಗುತ್ತ ಹೋಗುವುದರಿಂದ ನಿಮಗೆ ಬೇಕಾದ ಹೊತ್ತಿನಲ್ಲಿಯೇ ಪಟ್ಟಿ ಕೈಕೊಡುತ್ತದೆ. ಭಾರ ಹೊತ್ತು ಇಳಿಜಾರಿನಲ್ಲಿ ಬರುವ ವಾಹನಕ್ಕೆ ನಿಲ್ಲಲು ಹೆಚ್ಚು ದೂರ ಬೇಕಾಗಿರುವಾಗ ಅದರ ಚಾಲಕನಿಗೇ ಕಡಿಮೆ ಕಾಣುವುದು ದುರದೃಷ್ಟಕರ, ಆದರೆ ಇದು ಜ್ಯಾಮಿತಿಯ ಸಂಗತಿ. ಬಟ್ಟೆ ಬದಲಿಸಿದ ಮಾತ್ರಕ್ಕೆ ಪೂರ್ತಿ ಸರಿಹೋಗುವಂಥದ್ದಲ್ಲ.

ಮಳೆ ಇದಕ್ಕೆ ಇನ್ನೊಂದು ತೊಡಕು. ಗಾಜಿನ ಮಣಿಗಳು ತೆರೆದಂತಿರುವ ಪಟ್ಟಿಯ ಮೇಲೆ ನೀರಿನ ಪೊರೆ ಕೂತಾಗ ಬೆಳಕು ಬಾಗುವ ಲೆಕ್ಕವೇ ತಪ್ಪಿ, ಅದು ಮಣಿಯ ಹಿಂಬದಿಯಲ್ಲಿ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಇನ್ನೂ ಕಿರಿದಾದ ಕೋನದಲ್ಲಿ ಅಳೆದಾಗ, ಒಣಗಿದ್ದರೆ 330 ಇರಬೇಕಾದ ಪಟ್ಟಿಗೆ ಮಳೆಯಲ್ಲಿ 100 ಇದ್ದರೂ ಸಾಕು ಎಂದು ಮಾನದಂಡವೇ ರಿಯಾಯಿತಿ ಕೊಟ್ಟಿದೆ. ರಸ್ತೆಬದಿಯ ಬೋರ್ಡುಗಳ ಹಾಳೆಯಲ್ಲಿ ಪ್ರಿಸಂ ಅಥವಾ ಮಣಿಗಳು ಪಾರದರ್ಶಕ ಪದರದ ಒಳಗೆ ಮುಚ್ಚಿಕೊಂಡಿರುವುದರಿಂದ ಅವಕ್ಕೆ ಈ ತೊಂದರೆ ಇಲ್ಲ. ಮಲೆನಾಡಿನ ಘಾಟಿಗಳಲ್ಲಿ ಮಳೆಗಾಲದ ಕೆಲಸ ಮಾಡಿಸುವವರು ಪ್ರಿಸಂ ಪಟ್ಟಿಯ ಮಳೆಕೋಟನ್ನೇ ಕೊಡಿಸಬೇಕು. ಜಾಕೆಟ್ಟಿನ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದ್ದು ನಿಲ್ಲುವುದನ್ನು ಎಲ್ಲ ಕಡೆ ನೋಡುತ್ತೇವೆ. ಹೊದ್ದ ಕ್ಷಣದಿಂದ ಜಾಕೆಟ್ ಇಲ್ಲದಂತೆಯೇ ಆಯಿತು.

ನಿಮ್ಮ ಕಡೆಯಿಂದ ಆಗಬಹುದಾದ ಒಂದು ಉಪಕಾರವಿದೆ. ಕೆಸರು ಮೆತ್ತಿದ ಹೆಡ್‌ಲೈಟ್ ಗಾಜನ್ನು ಘಾಟಿ ಇಳಿಯುವ ಮುನ್ನ ಒರೆಸಿಕೊಳ್ಳಿ. ಹೋಗುವ ಬೆಳಕು ಅರ್ಧವಾದರೆ ಹಿಂದಿರುಗುವುದೂ ಅರ್ಧವೇ.

ಪ್ರಶ್ನೆ: ನಮ್ಮ ತಾಂಡಾದ ಹೆಂಗಸರು ರಸ್ತೆ ಕೆಲಸಕ್ಕೆ ಹೋಗುತ್ತಾರೆ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ಅದರ ಮೇಲೆ ಜಾಕೆಟ್. ಅದು ದೊಗಳೆಯಾಗಿ ಜಾರುತ್ತದೆ, ಬುಟ್ಟಿ ಎತ್ತುವಾಗ ಸಿಕ್ಕಿಕೊಳ್ಳುತ್ತದೆ, ಸೆಕೆಗೆ ತೆಗೆದಿಡುತ್ತಾರೆ. ತೆಗೆದರೆ ಮೇಸ್ತ್ರಿ ಬೈಯುತ್ತಾನೆ. ಹೆಂಗಸರಿಗೆಂದೇ ಬೇರೆ ಜಾಕೆಟ್ ಇದೆಯೇ?
— ಶಿಕ್ಷಕಿಯೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ಹೆಂಗಸರ ಅಳತೆಯ ಜಾಕೆಟ್‌ಗಳು ತಯಾರಾಗುತ್ತವೆ, ಆದರೆ ಸಗಟು ಖರೀದಿ ಮಾಡುವವರು ಎಲ್ಲರಿಗೂ ಒಂದೇ ದೊಡ್ಡ ಅಳತೆಯನ್ನು ತರಿಸಿಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಪತ್ರದ ಪ್ರಶ್ನೆಯೇ ಉಳಿದೆಲ್ಲವುಗಳಿಗಿಂತ ಮುಖ್ಯವಾದುದು. ಏಕೆಂದರೆ ರಸ್ತೆಯ ಅಂಚಿನಲ್ಲಿ ಜಲ್ಲಿ ಹೊರುವ, ಮಣ್ಣು ಹರಡುವ, ಪೊರಕೆ ಹಿಡಿದು ಧೂಳು ಗುಡಿಸುವ ಕೆಲಸ ಹೆಚ್ಚಾಗಿ ಬೀಳುವುದು ಹೆಂಗಸರ ಪಾಲಿಗೆ. ಅದರಲ್ಲಿಯೂ ಬೆನ್ನು ವಾಹನಗಳ ಕಡೆಗೆ ಇರುವ, ಬಗ್ಗಿ ಮಾಡುವ ಕೆಲಸ.

ಬಗ್ಗಿದಾಗ ಏನಾಗುತ್ತದೆ ಎಂಬುದನ್ನು ಜಾಕೆಟ್ ಕೊಡಿಸುವವರು ಒಮ್ಮೆಯಾದರೂ ನಿಂತು ನೋಡಬೇಕು. ನೆಟ್ಟಗೆ ನಿಂತಾಗ ಬೆನ್ನಿನ ಮೇಲೆ ಅಡ್ಡಲಾಗಿರುವ ಪಟ್ಟಿ, ಬಗ್ಗಿದಾಗ ಆಕಾಶಕ್ಕೆ ಮುಖ ಮಾಡುತ್ತದೆ. ಹಿಂದಿನಿಂದ ಬರುವ ಚಾಲಕನಿಗೆ ಆಗ ಕಾಣುವುದು ಸೀರೆಯ ಕೆಳಭಾಗ ಮಾತ್ರ. ಸೆರಗನ್ನು ಜಾಕೆಟ್ಟಿನ ಮೇಲೆ ಹೊದ್ದುಕೊಂಡರೆ, ತಲೆಯ ಮೇಲಿನ ಟವೆಲ್ ಹೆಗಲಿಗೆ ಇಳಿದರೆ, ಹೆಗಲ ಪಟ್ಟಿಯೂ ಮುಚ್ಚಿಹೋಗುತ್ತದೆ. ಗುಂಡಿ ಹಾಕದೆ ಬಿಟ್ಟರೆ ಮುಂಭಾಗದ ಪಟ್ಟಿ ಎರಡು ಹೋಳಾಗಿ ಪಕ್ಕಕ್ಕೆ ಸರಿಯುತ್ತದೆ.

ಪರಿಹಾರ ದುಬಾರಿಯದಲ್ಲ. ಅಂಗಿಯ ಮೇಲೆ ಜಾಕೆಟ್ ಎಂಬ ಎರಡು ಪದರಗಳ ಬದಲು, ಹೊಳೆಯುವ ಬಣ್ಣದ ಹತ್ತಿಮಿಶ್ರಿತ ಪೂರ್ಣತೋಳಿನ ಅಂಗಿಯನ್ನೇ, ಸೊಂಟದ ಸುತ್ತ ಎರಡು ಮತ್ತು ತೋಳುಗಳ ಸುತ್ತ ಒಂದೊಂದು ಪಟ್ಟಿ ಹೊಲಿಸಿ, ಅಳತೆಗೆ ತಕ್ಕಂತೆ ಕೊಡಿಸುವುದು ಉತ್ತಮ. ಅದು ಸೀರೆಯ ಮೇಲೆ ಅವರು ಈಗಾಗಲೇ ಹಾಕಿಕೊಳ್ಳುತ್ತಿರುವ ಅಂಗಿಯ ಜಾಗದಲ್ಲಿಯೇ ಕೂರುತ್ತದೆ, ಸೆರಗು ಅದರ ಒಳಗೆ ಉಳಿಯುತ್ತದೆ. ಅಂಗಿ ಸಾಧ್ಯವಾಗದಿದ್ದರೆ, ಪಕ್ಕಗಳಲ್ಲಿ ಬಿಗಿ ಮಾಡಿಕೊಳ್ಳಬಹುದಾದ, ಎಳೆದರೆ ಬಿಚ್ಚಿಕೊಳ್ಳುವ ವೆಲ್ಕ್ರೋ ಇರುವ ಜಾಕೆಟ್ ಕೇಳಿ. ಯಂತ್ರಕ್ಕೆ ಸಿಕ್ಕಿದರೆ ಅದು ಮೈಬಿಟ್ಟು ಬರುತ್ತದೆ. ತೋಳಿನ ಪಟ್ಟಿಯನ್ನು ಮಾತ್ರ ಬಿಡಬೇಡಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕತ್ತಲೆಯಲ್ಲಿ ಮನುಷ್ಯರ ಕೀಲುಗಳ ಮೇಲೆ ಇಟ್ಟ ಕೆಲವೇ ಬೆಳಕಿನ ಚುಕ್ಕೆಗಳು ಚಲಿಸಿದ ಕೂಡಲೇ ನೋಡುಗರು ಅದು ನಡೆಯುತ್ತಿರುವ ಮನುಷ್ಯ ಎಂದು ಗುರುತಿಸಿದರು. ಎದೆಯ ಮೇಲಿನ ಒಂದು ಹೊಳೆಯುವ ಚೌಕವನ್ನು ಚಾಲಕನು ಕೋನ್ ಎಂದೋ ಬ್ಯಾರಿಕೇಡ್ ಎಂದೋ ಭಾವಿಸಬಹುದು. ಅಲ್ಲಾಡುವ ಮುಂಗೈ, ಮೊಣಕಾಲು, ಕಣಕಾಲುಗಳನ್ನು ಹಾಗೆ ಭಾವಿಸಲಾರ. ಮುಂಗೈಗೂ ಕಣಕಾಲಿಗೂ ಕಟ್ಟುವ ಪಟ್ಟಿಗಳು ಅಗ್ಗವಾಗಿಯೇ ಸಿಗುತ್ತವೆ.

ಸೆಕೆಗೆ ತೆಗೆದಿಟ್ಟದ್ದಕ್ಕೆ ಬೈಯುವ ಮೇಸ್ತ್ರಿಗೆ ಹೇಳಬೇಕಾದ ಮಾತು ಒಂದಿದೆ. ನೆರಳು, ಕುಡಿಯುವ ನೀರು ಮತ್ತು ನಡುಹಗಲಿನ ಬಿಡುವು ಇಲ್ಲದ ಕಡೆ ಯಾವ ಉಡುಪೂ ಮೈಮೇಲೆ ನಿಲ್ಲುವುದಿಲ್ಲ.

ಪ್ರಶ್ನೆ: ಹಳದಿಯೋ ಕಿತ್ತಳೆಯೋ? ಒಂದೊಂದು ಕಂಪನಿ ಒಂದೊಂದು ಬಣ್ಣ ಕೊಡುತ್ತದೆ.
— ಕಿರಿಯ ಎಂಜಿನಿಯರ್, ಉಡುಪಿ

ಉತ್ತರ: ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರ್ ತರಂಗದೂರದ ಹಸಿರು ಮಿಶ್ರಿತ ಹಳದಿಗೆ. ಆದ್ದರಿಂದ ಬರಿಯ ಹೊಳಪನ್ನು ನೋಡಿದರೆ ಆ ಬಣ್ಣವೇ ಮುಂದು. ಆದರೆ ಚಾಲಕ ನೋಡುವುದು ಬಣ್ಣವನ್ನಲ್ಲ, ಹಿನ್ನೆಲೆಯಿಂದ ಬಣ್ಣ ಎದ್ದು ಬರುವುದನ್ನು. ನಿಮ್ಮ ಜಿಲ್ಲೆಯಲ್ಲಿ ಮಳೆಗಾಲದ ಹಸಿರು ಗದ್ದೆ, ಪೊದೆಗಳ ಮುಂದೆ ಕಿತ್ತಳೆ ಎದ್ದು ಕಾಣುತ್ತದೆ. ಅದೇ ಗುಡ್ಡ ಕಡಿದು ಜಂಬಿಟ್ಟಿಗೆ ಮಣ್ಣು ಕೆಂಪಗೆ ತೆರೆದುಕೊಂಡ ಕಡೆ ಕಿತ್ತಳೆ ಮಣ್ಣಿನಲ್ಲಿ ಬೆರೆತುಹೋಗಿ ಹಳದಿ ಗೆಲ್ಲುತ್ತದೆ. ಸುತ್ತ ಹಳದಿ ಜೆಸಿಬಿ, ರೋಲರುಗಳೇ ತುಂಬಿರುವಲ್ಲಿ ಹಳದಿ ಜಾಕೆಟ್ ಯಂತ್ರದ ಒಂದು ಭಾಗದಂತೆ ಕಾಣುತ್ತದೆ. ಕಿತ್ತಳೆ ಕೋನ್‌ಗಳ ಸಾಲಿನ ನಡುವೆ ಕಿತ್ತಳೆ ಜಾಕೆಟ್ಟಿಗೂ ಅದೇ ಗತಿ. ಕೆಂಪು ಬಣ್ಣವನ್ನು ಸರಿಯಾಗಿ ಗ್ರಹಿಸದ ಕೆಲವು ಚಾಲಕರಿಗೆ ಕೆಂಪುಗಿತ್ತಳೆ ಮಂಕಾಗಿ ಕಾಣುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ಎರಡೂ ಬಣ್ಣಗಳಿರುವ ಜಾಕೆಟ್ ಸಿಕ್ಕರೆ ಈ ಚರ್ಚೆ ಬಹುಮಟ್ಟಿಗೆ ಮುಗಿಯುತ್ತದೆ. ಸಿಗದಿದ್ದರೆ ಕೆಲಸದ ಸ್ಥಳಕ್ಕೆ ವಾಹನದಲ್ಲಿ ಬಂದು, ದೂರದಿಂದ ನೋಡಿ ತೀರ್ಮಾನಿಸಿ. ಕಚೇರಿಯ ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು ತೀರ್ಮಾನಿಸಬೇಡಿ.

ಪ್ರಶ್ನೆ: ಇದನ್ನು ಮೊದಲು ಬಳಸಿದವರು ಯಾರು?
— ಪ್ರೌಢಶಾಲಾ ವಿದ್ಯಾರ್ಥಿ, ಮೈಸೂರು

ಉತ್ತರ: ಹಗಲಿನಲ್ಲಿಯೂ ಹೊಳೆಯುವ ಬಣ್ಣಗಳನ್ನು ರೂಢಿಗೆ ತಂದವರು ಅಮೆರಿಕದ ಬಾಬ್ ಮತ್ತು ಜೋ ಸ್ವಿಟ್ಜರ್ ಸಹೋದರರು. 1930ರ ದಶಕದಲ್ಲಿ ಅವರು ಆರಂಭಿಸಿದ ಪ್ರಯೋಗಗಳಿಂದಲೇ ಮುಂದೆ ಡೇ-ಗ್ಲೋ ಎಂಬ ಕಂಪನಿ ಹುಟ್ಟಿತು. ಕೆಲಸಗಾರರ ಉಡುಪಾಗಿ ಇದು ಗಮನ ಸೆಳೆದದ್ದು 1964ರಲ್ಲಿ. ವಿದ್ಯುದೀಕರಣಗೊಂಡ ಹಳಿಗಳಲ್ಲಿ ರೈಲುಗಳು ಹೆಚ್ಚು ವೇಗವಾಗಿ, ಹೆಚ್ಚು ಸದ್ದಿಲ್ಲದೆ ಬರತೊಡಗಿದಾಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬ್ರಿಟಿಷ್ ರೈಲ್ವೆಯ ಹಳಿ ಕೆಲಸಗಾರರಿಗೆ ಕಿತ್ತಳೆ ಜಾಕೆಟ್‌ಗಳನ್ನು ಪ್ರಾಯೋಗಿಕವಾಗಿ ಕೊಡಲಾಯಿತು. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ನೆರವಿನ ಹೆದ್ದಾರಿಗಳ ಮೇಲೆ ದುಡಿಯುವ ಎಲ್ಲರಿಗೂ ಇದು ಕಡ್ಡಾಯವಾದದ್ದು 2008ರ ನವೆಂಬರ್‌ನಿಂದ. ಬೆಕ್ಕಿನ ಕಣ್ಣು ರಾತ್ರಿ ವಾಹನದ ಬೆಳಕಿಗೆ ಹೊಳೆಯುವುದೂ, ಬಂದ ಬೆಳಕನ್ನು ಬಂದ ಕಡೆಗೇ ಹಿಂದಿರುಗಿಸುವ ಇದೇ ಗುಣದಿಂದ.

ಪ್ರಶ್ನೆ: ಜಾಕೆಟ್ ಹಾಕಿದ್ದರೂ ಕೆಲಸಗಾರರ ಮೇಲೆ ವಾಹನ ಹರಿದ ಸುದ್ದಿಗಳನ್ನು ಓದುತ್ತಲೇ ಇದ್ದೇವೆ. ಹಾಗಾದರೆ ಇದರಿಂದ ಪ್ರಯೋಜನವೇನು? ಹೊಣೆಯನ್ನು ಕೆಲಸಗಾರನ ಮೈಮೇಲೆ ಹೊರಿಸುವ ಉಪಾಯ ಇದಲ್ಲವೇ?
— ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಸಂಶಯದಲ್ಲಿ ಅರ್ಧ ನಿಜವಿದೆ. ಜಾಕೆಟ್ ವಾಹನವನ್ನು ತಡೆಯುವುದಿಲ್ಲ. ನೋಡುತ್ತಿರುವ ಚಾಲಕನಿಗೆ ಕೆಲವು ಸೆಕೆಂಡುಗಳನ್ನು ಮೊದಲೇ ಕೊಡುತ್ತದೆ, ಅಷ್ಟೆ. ನಿದ್ದೆಗಣ್ಣಿನವನಿಗೆ, ಕುಡಿದವನಿಗೆ, ಮೊಬೈಲ್ ನೋಡುತ್ತಿರುವವನಿಗೆ, ಎದುರಿನ ವಾಹನದ ಪ್ರಖರ ದೀಪಕ್ಕೆ ಕಣ್ಣು ಕುರುಡಾದವನಿಗೆ ಅದು ಏನನ್ನೂ ಕೊಡುವುದಿಲ್ಲ. ಸುರಕ್ಷತೆಯ ಶಾಸ್ತ್ರದಲ್ಲಿ ಮೈಮೇಲಿನ ರಕ್ಷಣಾ ಸಾಧನಕ್ಕೆ ಕೊನೆಯ ಸ್ಥಾನ. ಅಪಾಯವನ್ನೇ ದೂರವಿಡುವುದು ಮೊದಲು, ತಡೆಗೋಡೆ ಹಾಕುವುದು ಆಮೇಲೆ, ಕೆಲಸದ ಕ್ರಮವನ್ನು ಬದಲಿಸುವುದು ಅದರ ನಂತರ. ಇವೆಲ್ಲ ಆಗಿಯೂ ಉಳಿದ ಅಪಾಯಕ್ಕೆ ಉಡುಪು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಪರಿಷ್ಕರಿಸಿದ ಎಸ್‌ಪಿ 55 ಮಾರ್ಗಸೂಚಿ ಕಾಮಗಾರಿ ಸ್ಥಳವನ್ನು ನಾಲ್ಕು ವಲಯಗಳಾಗಿ ನೋಡುತ್ತದೆ: ಮುನ್ನೆಚ್ಚರಿಕೆಯ ವಲಯ, ವಾಹನಗಳನ್ನು ಪಕ್ಕದ ಪಥಕ್ಕೆ ಸರಿಸುವ ವಲಯ, ಕೆಲಸದ ವಲಯ ಮತ್ತು ಕೊನೆಯ ವಲಯ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಇರುವುದು ಮೂರನೆಯದು ಮಾತ್ರ. ನಾಲ್ಕು ಕಲ್ಲು, ಒಂದು ಮರದ ಕೊಂಬೆ, ಅದರ ಪಕ್ಕದಲ್ಲಿ ಕೆಂಪು ಬಟ್ಟೆ ಹಿಡಿದ ಹುಡುಗ, ಆಮೇಲೆ ನೇರವಾಗಿ ಕೆಲಸ ಮಾಡುವ ಜನ. ನೂರು ಕಿಲೋಮೀಟರ್ ವೇಗದಲ್ಲಿ ಬರುವವನಿಗೆ 180 ಮೀಟರ್ ಬೇಕೆಂದು ಮೇಲೆ ಹೇಳಿದೆವು. ಅಷ್ಟು ದೂರದಲ್ಲಿ ಎಚ್ಚರಿಕೆ ಇಲ್ಲದಿದ್ದರೆ, ಮೂರನೆಯ ದರ್ಜೆಯ ಜಾಕೆಟ್ ಕೂಡ ಚಾಲಕನ ಕಣ್ಣಿಗೆ ಬೀಳುವುದು ತಡವಾದ ಮೇಲೆಯೇ. ಬಾವುಟ ಹಿಡಿದು ನಿಲ್ಲುವವನಿಗೆ ಎಲ್ಲರಿಗಿಂತ ಒಳ್ಳೆಯ ಉಡುಪು, ರಾತ್ರಿಯಾದರೆ ಕೈಯಲ್ಲಿ ಕೆಂಪು ದೀಪದ ಕೋಲು, ಅವನು ನಿಂತ ಜಾಗಕ್ಕೆ ಬೆಳಕು, ಅವಸರ ಬಂದರೆ ಹಾರಿಕೊಳ್ಳಲು ಪಕ್ಕದಲ್ಲಿ ಜಾಗ ಇರಬೇಕು. ಅತ್ಯಂತ ಕಡಿಮೆ ಅನುಭವದ ಹುಡುಗನನ್ನು ಆ ಕೆಲಸಕ್ಕೆ ನಿಲ್ಲಿಸುವ ನಮ್ಮ ಪದ್ಧತಿಯಂಥ ಅವಿವೇಕ ಇನ್ನೊಂದಿಲ್ಲ.

ಇನ್ನೊಂದು ಅಪಾಯ ಒಳಗಿನದು. ಹಿಂದಕ್ಕೆ ಚಲಿಸುವ ಟಿಪ್ಪರ್, ರೋಲರ್ ಮತ್ತು ನೀರಿನ ಟ್ಯಾಂಕರ್‌ಗಳ ಹಿಂಬದಿಯಲ್ಲಿ ಚಾಲಕನಿಗೆ ಏನೂ ಕಾಣದ ಜಾಗವಿರುತ್ತದೆ. ಅಲ್ಲಿ ನಿಂತವನು ಎಷ್ಟು ಹೊಳೆದರೂ ಕನ್ನಡಿಯಲ್ಲಿ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಹಿಂದೆ ಸರಿಯುವಾಗ ಕೂಗುವ ಅಲಾರಂ, ಸನ್ನೆ ಮಾಡಲು ಒಬ್ಬ ನಿಯೋಜಿತ ವ್ಯಕ್ತಿ, ಮತ್ತು ವಾಹನದ ಹಿಂದೆ ಕೂತು ಊಟ ಮಾಡುವುದಕ್ಕೆ, ನೆರಳಿಗಾಗಿ ಅದರ ಕೆಳಗೆ ಮಲಗುವುದಕ್ಕೆ ಕಟ್ಟುನಿಟ್ಟಾದ ತಡೆ.

ಹಾಗೆಂದು ಜಾಕೆಟ್ಟನ್ನು ತಳ್ಳಿಹಾಕುವಂತಿಲ್ಲ. ಬೋರ್ಡು, ಕೋನ್, ತಡೆಗೋಡೆಗಳು ವೇಗವನ್ನು 100ರಿಂದ 40ಕ್ಕೆ ಇಳಿಸಿದ ಮೇಲೆ ನಿಲ್ಲಲು ಬೇಕಾದ ದೂರ 45 ಮೀಟರಿಗೆ ಬರುತ್ತದೆ; ಒಳ್ಳೆಯ ಜಾಕೆಟ್ ಅಷ್ಟು ದೂರವನ್ನು ನಿರಾಯಾಸವಾಗಿ ಕೊಡುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಲೆಕ್ಕ ಸರಿಹೋಗುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಕೊಡಿಸಿ, ಅಪಘಾತವಾದ ಮೇಲೆ "ಜಾಕೆಟ್ ಹಾಕಿರಲಿಲ್ಲ" ಎಂದು ವರದಿ ಬರೆಯುವುದು ನೀವು ಹೇಳಿದ ಉಪಾಯವೇ ಸರಿ.

ಪ್ರಶ್ನೆ: ಡಾಂಬರು ಹಾಕುವ ಗ್ಯಾಂಗಿಗೆ ಯಾವ ಬಟ್ಟೆ? ಕಲೆಯನ್ನು ಸೀಮೆಎಣ್ಣೆಯಲ್ಲಿ ತೊಳೆಯಬಹುದೇ?
— ಮೇಸ್ತ್ರಿಯೊಬ್ಬರು, ಬಳ್ಳಾರಿ

ಉತ್ತರ: ಬಿಸಿ ಡಾಂಬರು ಮಿಶ್ರಣ ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬರುತ್ತದೆ, ಅದರ ಜೊತೆಗೆ ಬರ್ನರಿನ ಬೆಂಕಿಯೂ ಇರುತ್ತದೆ. ಪೂರ್ತಿ ಪಾಲಿಯೆಸ್ಟರ್ ಬಲೆಬಟ್ಟೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬರ್ನರ್ ಮತ್ತು ಸಿಂಪಡಣೆಯ ಬಳಿ ಇರುವವರಿಗೆ ಹತ್ತಿ ಹೆಚ್ಚಿರುವ, ಬೆಂಕಿ ಬೇಗ ಹಿಡಿಯದ ಬಟ್ಟೆಯ ಪೂರ್ಣತೋಳಿನ ಉಡುಪು ಬೇಕು. ಉಳಿದವರಿಗೆ ಬಳ್ಳಾರಿಯ ಬಿಸಿಲಿನಲ್ಲಿ ಗಾಳಿಯಾಡುವ ಬಟ್ಟೆ ಸಾಕು.

ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಯಾವುದೂ ಬೇಡ. ಮಣಿಗಳನ್ನು ಹಿಡಿದಿಟ್ಟಿರುವ ಅಂಟು ಅವುಗಳಿಂದ ಸಡಿಲವಾಗುತ್ತದೆ, ಆ ವಾಸನೆಯ ಬಟ್ಟೆ ತೊಟ್ಟು ಬರ್ನರಿನ ಹತ್ತಿರ ಹೋಗುವುದು ಪ್ರಾಣಕ್ಕೇ ಅಪಾಯ. ಸೌಮ್ಯವಾದ ಸೋಪಿನಲ್ಲಿ, ಬ್ರಷ್ ಹಾಕದೆ ಒಗೆಯಿರಿ. ಬ್ಲೀಚಿಂಗ್ ಪುಡಿ ಬೇಡ, ಪಟ್ಟಿಯ ಮೇಲೆ ಇಸ್ತ್ರಿ ಬೇಡ, ಹಿಂಡಬೇಡಿ, ನೆರಳಿನಲ್ಲಿ ಒಣಗಿಸಿ. ಎಷ್ಟು ಸಲ ಒಗೆಯಬಹುದೆಂಬ ಸಂಖ್ಯೆ ಒಳಗಿನ ಚೀಟಿಯಲ್ಲಿ ಇರುತ್ತದೆ. ಡಾಂಬರಿನ ಕಲೆ ಪಟ್ಟಿಯನ್ನು ಮುಚ್ಚಿದ್ದರೆ ಅದನ್ನು ತೆಗೆಯುವ ದಾರಿಯೇ ಇಲ್ಲ, ಜಾಕೆಟ್ ಬದಲಿಸಬೇಕು.

ಪ್ರಶ್ನೆ: ರಾಯಚೂರು ಕಡೆಯಿಂದ ಬಂದು ಬೆಂಗಳೂರಿನಲ್ಲಿ ರಸ್ತೆ ಕೆಲಸ ಮಾಡುತ್ತಿದ್ದೇವೆ. ನಮ್ಮ ಗುತ್ತಿಗೆದಾರ ಜಾಕೆಟ್, ಹೆಲ್ಮೆಟ್, ಬೂಟಿನ ದುಡ್ಡನ್ನು ಮೊದಲ ವಾರದ ಬಟವಾಡೆಯಲ್ಲಿ ಮುರಿದುಕೊಂಡ. ಹಳೆಯದು ಹರಿದರೆ ಮತ್ತೆ ನಾವೇ ಕೊಡಬೇಕಂತೆ. ಇದು ಸರಿಯೇ?
— ಕೆಲಸಗಾರರೊಬ್ಬರು, ಬೆಂಗಳೂರು

ಉತ್ತರ: ಸರಿಯಲ್ಲ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು, ಕೆಲಸದ ಸ್ಥಳದಲ್ಲಿ ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಒದಗಿಸುವ ಯಾವುದಕ್ಕೂ ಮಾಲೀಕನು ಕೆಲಸಗಾರನಿಂದ ಹಣ ವಸೂಲಿ ಮಾಡಬಾರದು ಎಂದು ಹೇಳುತ್ತದೆ. 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯಿದೆಯೂ ರಸ್ತೆ ಕೆಲಸವನ್ನು ನಿರ್ಮಾಣ ಕೆಲಸವೆಂದೇ ಪರಿಗಣಿಸಿತ್ತು. ಟೆಂಡರಿನ ದರದಲ್ಲಿ ಸುರಕ್ಷತೆಯ ವೆಚ್ಚವನ್ನು ಲೆಕ್ಕ ಹಾಕಿಯೇ ಗುತ್ತಿಗೆದಾರರು ಕೆಲಸ ಹಿಡಿದಿರುತ್ತಾರೆ; ಅದನ್ನು ನಿಮ್ಮ ಕೂಲಿಯಿಂದ ಎರಡನೆಯ ಸಲ ಪಡೆಯುವುದು ಅನ್ಯಾಯ.

ಮೊದಲು ಮುರಿದುಕೊಂಡ ಹಣದ ಲೆಕ್ಕವನ್ನು, ಸಾಧ್ಯವಾದರೆ ಬರಹದಲ್ಲಿ ಇಲ್ಲವೇ ಮೊಬೈಲ್ ಸಂದೇಶದಲ್ಲಿ, ಕೇಳಿ ಇಟ್ಟುಕೊಳ್ಳಿ. ಒಬ್ಬರೇ ಕೇಳುವುದಕ್ಕಿಂತ ಗ್ಯಾಂಗಿನವರೆಲ್ಲ ಸೇರಿ ಕೇಳುವುದು ಮೇಲು. ಕೆಲಸ ಕೊಟ್ಟ ಇಲಾಖೆಯ ಎಂಜಿನಿಯರರಿಗೆ ತಿಳಿಸಿದರೆ ಹಲವು ಸಲ ಅಲ್ಲಿಯೇ ಇತ್ಯರ್ಥವಾಗುತ್ತದೆ, ಏಕೆಂದರೆ ಗುತ್ತಿಗೆದಾರನ ಬಿಲ್ಲು ಅವರ ಕೈಯಲ್ಲಿರುತ್ತದೆ. ಆಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ, ಅಥವಾ ರಾಜ್ಯ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ. 18ರಿಂದ 60ರ ವಯಸ್ಸಿನವರಾಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಿ; ಅಪಘಾತವಾದರೆ ಕುಟುಂಬಕ್ಕೆ ನೆರವು ಸಿಗಲು ಆ ಕಾರ್ಡು ಬೇಕಾಗುತ್ತದೆ.

ಹರಿದ ಅಥವಾ ಮಾಸಿದ ಜಾಕೆಟ್ಟನ್ನು ಮರಳಿ ಕೊಟ್ಟು ಹೊಸದನ್ನು ಪಡೆಯುವುದೂ ಇದೇ ಹಕ್ಕಿನ ಭಾಗ. ಮರಳಿ ಕೊಡುವ ಮುನ್ನ ಹಳೆಯದರ ಬೆನ್ನಿನ ಭಾಗವನ್ನು ಕತ್ತರಿಯಿಂದ ಸೀಳಿಬಿಡಿ. ಇಲ್ಲದಿದ್ದರೆ ಅದು ಮುಂದಿನ ತಿಂಗಳು ಹೊಸದಾಗಿ ಸೇರುವ ಇನ್ನೊಬ್ಬರ ಪಾಲಿಗೆ ಬರುತ್ತದೆ.